ನವಾಹೊ, ಸಮೋವಾ, ಮತ್ತೆ ನಾವು

ಡಲ್ಲಾಸಿನ ಪಕ್ಕದ ಕಾಪೆಲ್‌ನಲ್ಲಿ ಹದಿನಾಲ್ಕು ವರ್ಷದಿಂದ ಇರುವ ಸುಧೀಂದ್ರನಿಗೆ ಈಚೆಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕೂತರೆ ಅಂಗಾಲು ಉರಿ, ನಿಂತರೆ ಜೋಮು. ಆಫೀಸಿನ ಕಾಲ್‌ಗಳನ್ನೆಲ್ಲ ಮನೆಯೊಳಗೆ ಅತ್ತಿಂದಿತ್ತ ಓಡಾಡುತ್ತಲೇ ಮುಗಿಸುತ್ತಿದ್ದ. ನಡುವೆ ಹತ್ತು ನಿಮಿಷಕ್ಕೊಮ್ಮೆ ನೀರು, ನೀರಿನ ಹಿಂದೆಯೇ ಬಾತ್‌ರೂಮು. ಕಂಪ್ಯೂಟರಿನ ಅಕ್ಷರ ಒಂದು ದಿನ ನಿಚ್ಚಳವಾಗಿದ್ದರೆ ಇನ್ನೊಂದು ದಿನ ಮಸುಕು.

ಹೆಂಡತಿ ಅಹಲ್ಯಾ ಧಾರವಾಡದವಳು. ಒಂದು ಶನಿವಾರ ಬೆಳಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತ ಕೇಳಿದಳು.

"ಯಾಕ್ರಿ, ಮತ್ತ ಕಾಲು ಉರೀಲಿಕ್ಕತ್ತಾವೇನು?"

"ಏನಿಲ್ಲ, ಹೊಸ ಶೂ ಅಲ್ವಾ."

"ಶೂ ತೊಗೊಂಡು ನಾಕು ತಿಂಗಳಾತು. ಡಾಕ್ಟರಿಗೆ ಒಂದು ಫೋನ್ ಹಚ್ಚಿದ್ರ ಏನಾಗ್ತದ?"

"ನನಗೇನಾಗಿದೆ ಅಹಲ್ಯಾ? ಹೊಟ್ಟೆ ಬಂದಿಲ್ಲ, ಸಿಗರೇಟಿಲ್ಲ, ಮಾಂಸ ಮುಟ್ಟಲ್ಲ. ಈ ಟೆಕ್ಸಾಸ್ ಸೆಖೇಲಿ ಯಾರಿಗೆ ಬಾಯಾರಲ್ಲ ಹೇಳು."

ಅಹಲ್ಯಾ ಬಾಣಲೆಗೆ ರವೆ ಸುರಿದಳು. ಅವನ ತಾಯಿಗೆ ಸಕ್ಕರೆ ಕಾಯಿಲೆ ಇದ್ದದ್ದು ಇಬ್ಬರಿಗೂ ಗೊತ್ತಿತ್ತು. ಅವನು ಮೂರು ವರ್ಷದಿಂದ ರಕ್ತ ಪರೀಕ್ಷೆ ಮಾಡಿಸದೆ ಏನೇನೋ ನೆಪ ಹೇಳುತ್ತ ಬಂದಿದ್ದ. ಪರೀಕ್ಷೆ ಮಾಡಿಸಿದರೆ ಏನು ಹೊರಬಿದ್ದೀತೋ ಎಂಬ ಅಂಜಿಕೆ ಒಳಗೊಳಗೇ ಇತ್ತು. ಅದನ್ನು ಮಾತ್ರ ಅವನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಅಷ್ಟರಲ್ಲಿ ಹೈಸ್ಕೂಲಿನಲ್ಲಿ ಓದುವ ಮಗಳು ರಿಯಾ ಒಂದು ದೊಡ್ಡ ರಟ್ಟಿನ ಬೋರ್ಡು ಹಿಡಿದು ಬಂದಳು. ಶಾಲೆಯ ಪ್ರಾಜೆಕ್ಟು. ಅಮೆರಿಕದ ಎರಡು ಸಮುದಾಯಗಳ ಬದುಕನ್ನು ಹೋಲಿಸಿ ಬರೆಯಬೇಕು: ಮನೆ, ಕೆಲಸ, ಶಾಲೆ, ಆರೋಗ್ಯ. ಅವಳಿಗೆ ಬಂದದ್ದು ಅರಿಜೋನಾ ಕಡೆಯ ಮೂಲನಿವಾಸಿಗಳಾದ ನವಾಹೊ ಜನ, ಮತ್ತು ಪೆಸಿಫಿಕ್ ಸಾಗರದ ದ್ವೀಪಗಳಿಂದ ಬಂದ ಸಮೋವಾ ಜನ.

"ಅಪ್ಪಾ, ಐ ನೀಡ್ ಎ ರೈಡ್. ಇವತ್ತು ಒಬ್ಬರು, ನಾಳೆ ಒಬ್ಬರು."

"ಇಂಟರ್ನೆಟ್ಟಲ್ಲಿ ಎಲ್ಲಾ ಸಿಗತ್ತಲ್ಲ ಪುಟ್ಟಿ."

"ಟೀಚರ್ ಸೆಡ್ ನೋ. ಮನುಷ್ಯರನ್ನ ಮೀಟ್ ಮಾಡ್ಲೇಬೇಕು."

ಅಹಲ್ಯಾ ಶನಿವಾರ, ಭಾನುವಾರ ಎರಡೂ ದಿನ ಮಕ್ಕಳಿಗೆ ಕನ್ನಡ ಪಾಠ ಹೇಳಲು ಹೋಗುತ್ತಿದ್ದಳು. ಡ್ರೈವ್ ಮಾಡುವ ಕೆಲಸ ಸುಧೀಂದ್ರನ ಪಾಲಿಗೆ ಬಿತ್ತು.

ಮೊದಲು ಹೋದದ್ದು ಡಲ್ಲಾಸಿನ ಪೂರ್ವಕ್ಕಿರುವ ಒಂದು ಸಣ್ಣ ಮನೆಗೆ. ಅರ್ಲೀನ್ ಸೋಸಿ ಎಂಬ ಎಪ್ಪತ್ತು ದಾಟಿದ ನವಾಹೊ ಹೆಂಗಸು ಅವರನ್ನು ಒಳಗೆ ಕರೆದು ಕೂರಿಸಿದರು. ಆರು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಬಸ್ಸಿನಲ್ಲಿ ಈ ಊರಿಗೆ ಬಂದವರು. ಮೂಲನಿವಾಸಿಗಳು ಊರು ಬಿಟ್ಟು ನಗರ ಸೇರಿದರೆ ಕೆಲಸ ಕೊಡಿಸುತ್ತೇವೆ ಎಂದು ಆಗ ಸರ್ಕಾರ ಹೇಳಿತ್ತಂತೆ.

"ಕೆಲಸವೇನೋ ಸಿಕ್ಕಿತು. ಆದರೆ ನಮ್ಮ ಭಾಷೆ ಆಡುವವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ನನ್ನ ತಮ್ಮ ತಡೆಯಲಾರದೆ ವಾಪಸ್ ಹೋದ," ಎಂದರು ಅರ್ಲೀನ್.

ತಮ್ಮನ ಮನೆಗೆ ಇವತ್ತಿಗೂ ನಲ್ಲಿ ಇಲ್ಲ. ಪಿಕಪ್ ಟ್ರಕ್ಕಿನಲ್ಲಿ ಡ್ರಮ್ಮು ಇಟ್ಟುಕೊಂಡು ಹೋಗಿ ನೀರು ತರುತ್ತಾನೆ. ಆಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ. ಶೂ ಒಳಗೆ ಸೇರಿದ ಒಂದು ಕಲ್ಲಿನಿಂದ ಗಾಯವಾಗಿ, ಸಕ್ಕರೆ ಕಾಯಿಲೆಯಿಂದ ಅದು ಮಾಯದೆ, ಮೊಣಕಾಲಿನ ಕೆಳಗೆ ಕಾಲು ತೆಗೆಸಬೇಕಾಯಿತು.

"ಈಗ ಯಾರು ನೋಡ್ಕೊಳ್ತಾರೆ?" ರಿಯಾ ಕೇಳಿದಳು.

"ನಮ್ಮವಳೇ ಒಬ್ಬಳು ಆರೋಗ್ಯ ಕಾರ್ಯಕರ್ತೆ ಇದ್ದಾಳೆ. ಮಣ್ಣಿನ ದಾರಿಯಲ್ಲಿ ಮನೆಮನೆಗೆ ಗಾಡಿ ಓಡಿಸಿಕೊಂಡು ಹೋಗುತ್ತಾಳೆ. ಬಂದವಳೇ ಅವನ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾಳೆ, ಉಳಿದ ಕಾಲನ್ನೂ ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಭಾಷೆ ನಮ್ಮದೇ ಆದ್ದರಿಂದ ಅವನೂ ಬೈಯದೆ ಕೂರುತ್ತಾನೆ."

ಈ ಮಾತು ನಡೆಯುವಾಗ ಸುಧೀಂದ್ರ ಎರಡು ಸಲ ಎದ್ದು ಕಿಟಕಿಯ ತನಕ ಹೋಗಿ ಬಂದಿದ್ದ. ಮೂರನೇ ಸಲ ನೀರು ಕೇಳಿದಾಗ ಅರ್ಲೀನ್ ಲೋಟ ಕೊಟ್ಟು ಅವನ ಮುಖ ನೋಡಿದರು.

"ಇದು ಮೂರನೇ ಲೋಟ. ನನ್ನ ತಮ್ಮನೂ ಹೀಗೇ ಕುಡಿಯುತ್ತಿದ್ದ."

ಸುಧೀಂದ್ರ ನಕ್ಕು ಮಾತು ಹಾರಿಸಿದ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲೇ ಇತ್ತು. ಬೇಡದ ಕಡೆ ಲೇನ್ ಬದಲಿಸಿದ, ಒಂದು ಎಕ್ಸಿಟ್ ತಪ್ಪಿಸಿಕೊಂಡ.

"ಪಾಪ, ಅವರಿಗೆ ಅನುಕೂಲ ಇಲ್ಲ," ಎಂದ ಕೊನೆಗೆ.

ರಿಯಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಇದ್ದಳು.

ಮರುದಿನ ಬೆಳಗ್ಗೆ ಏರ್‌ಪೋರ್ಟಿನ ದಕ್ಷಿಣಕ್ಕಿರುವ ಯೂಲೆಸ್‌ನ ಒಂದು ಸಣ್ಣ ಚರ್ಚಿಗೆ ಹೋದರು. ಪ್ರಾರ್ಥನೆ ಮುಗಿದು ಪಕ್ಕದ ಹಾಲಿನಲ್ಲಿ ಊಟಕ್ಕೆ ಅಣಿ ಮಾಡುತ್ತಿದ್ದರು. ಸಮೋವಾದ ಸೀನಾ ಅಲ್ಲಿ ಸಿಕ್ಕಳು. ಡಯಾಲಿಸಿಸ್ ಕೇಂದ್ರದಲ್ಲಿ ನರ್ಸು, ನಲವತ್ತರ ಆಸುಪಾಸು, ಗಟ್ಟಿ ದನಿ.

ರಿಯಾ ಕೇಳುತ್ತ ಹೋದಳು, ಸೀನಾ ಹೇಳುತ್ತ ಹೋದಳು. ಅವಳು ಹುಟ್ಟಿದ ದ್ವೀಪ ಅಮೆರಿಕದ್ದೇ. ಅಲ್ಲಿಂದ ಎಷ್ಟೋ ಹುಡುಗರು ಅಮೆರಿಕದ ಸೈನ್ಯಕ್ಕೆ ಸೇರುತ್ತಾರೆ. ಆದರೂ ಅಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರಲ್ಲ. ಇಲ್ಲಿ ಬಂದು, ಅರ್ಜಿ ಹಾಕಿ, ಪೌರತ್ವ ಪಡೆದ ಮೇಲೆಯೇ ವೋಟು. ಅವಳ ಅಪ್ಪ ಏರ್‌ಪೋರ್ಟಿನಲ್ಲಿ ಲಗೇಜು ಎತ್ತುತ್ತಿದ್ದರು, ಅಮ್ಮ ಎರಡು ಕಡೆ ಕೆಲಸ ಮಾಡುತ್ತಿದ್ದರು. ಮೂರು ಕೋಣೆಯ ಮನೆಯಲ್ಲಿ ಒಂಬತ್ತು ಜನ.

"ಇಕ್ಕಟ್ಟು ಅನ್ನಿಸ್ತಿರಲಿಲ್ವಾ?"

"ಇಕ್ಕಟ್ಟೇ. ಆದರೆ ಒಬ್ಬರ ಕೆಲಸ ಹೋದರೂ ಊಟ ನಿಂತದ್ದಿಲ್ಲ. ನವಾಹೊ ಜನಕ್ಕೆ ನೆಲ ಇದೆ, ನಲ್ಲಿ ಇಲ್ಲ ಅಂದೆಯಲ್ಲ. ನಮಗೆ ಇಲ್ಲಿ ನಲ್ಲಿ ಇದೆ, ನೆಲ ಸಾಗರದ ಆಚೆ ಇದೆ. ಸಕ್ಕರೆ ಕಾಯಿಲೆ ಮಾತ್ರ ಇಬ್ಬರ ಮನೆಯಲ್ಲೂ ಇದೆ."

ಹಾಲಿನ ಮೂಲೆಯಲ್ಲಿ ಒಂದು ಮೇಜು. ಊಟಕ್ಕೆ ಮೊದಲು ಎಲ್ಲರೂ ಸಾಲಾಗಿ ಬಂದು ಸಕ್ಕರೆ ಪರೀಕ್ಷೆಗೆ ಬೆರಳು ಚಾಚುತ್ತಿದ್ದರು. ಸೀನಾ ಪ್ರತಿ ತಿಂಗಳು ಒಂದು ಭಾನುವಾರ ಇದನ್ನು ನಡೆಸುತ್ತಿದ್ದಳು. ಸುಧೀಂದ್ರ ಆ ಕಡೆ ಬೆನ್ನು ಹಾಕಿ ಅತ್ತಿಂದಿತ್ತ ಓಡಾಡುತ್ತಿದ್ದ. ಸೀನಾ ಅವನನ್ನು ಕರೆದಳು.

"ಬನ್ನಿ, ಒಂದು ನಿಮಿಷದ ಕೆಲಸ. ಬಂದಾಗಿನಿಂದ ನಿಮ್ಮ ಕಾಲು ನಿಂತಲ್ಲಿ ನಿಂತಿಲ್ಲ."

"ಬೇಡ, ಥ್ಯಾಂಕ್ಸ್."

"ನೋವಾಗುವುದಿಲ್ಲ."

ಸುಧೀಂದ್ರನಿಗೆ ರೇಗಿತು. "ನೋಡಿ, ಇದು ನಿಮ್ಮ ಜನರ ತೊಂದರೆ. ನಾವು ಓದಿದವರು. ನಮ್ಮಲ್ಲಿ ಎಲ್ಲರಿಗೂ ಡಾಕ್ಟರಿದ್ದಾರೆ, ಇನ್ಶೂರೆನ್ಸ್ ಇದೆ," ಎಂದುಬಿಟ್ಟ.

ಸಾಲಿನಲ್ಲಿದ್ದ ಒಬ್ಬ ಮುದುಕ ತಿರುಗಿ ನೋಡಿದ. ರಿಯಾಳ ಮುಖ ಕೆಂಪಾಯಿತು. ಸೀನಾ ಹತ್ತಿಯ ಚೂರನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದಳು.

"ನಾನು ಕೆಲಸ ಮಾಡುವ ಕಡೆ ಹನ್ನೆರಡು ಕುರ್ಚಿಗಳಿವೆ. ವಾರಕ್ಕೆ ಮೂರು ದಿನ ಬಂದು ನಾಲ್ಕು ಗಂಟೆ ಕೂತು ರಕ್ತ ಶುದ್ಧ ಮಾಡಿಸಿಕೊಳ್ಳುತ್ತಾರೆ. ಈಗ ಆ ಕುರ್ಚಿಗಳಲ್ಲಿ ಮೂರು ಜನ ನಿಮ್ಮ ದೇಶದವರು. ಮೂವರೂ ಓದಿದವರು, ಮೂವರೂ ಸಣಕಲು. ಮೂವರ ಹತ್ತಿರವೂ ಇನ್ಶೂರೆನ್ಸ್ ಕಾರ್ಡಿತ್ತು. ಬಂದದ್ದು ಮಾತ್ರ ತಡವಾಗಿ."

ಸುಧೀಂದ್ರ ರಿಯಾಳನ್ನು ಕರೆದ. ಊಟಕ್ಕೂ ನಿಲ್ಲದೆ ಕಾರಿನ ಕಡೆ ನಡೆದ.

ಮನೆಗೆ ಬಂದು ರಿಯಾ ಬೋರ್ಡು ಹರಡಿ, ಚೀಟಿಗಳಿಗೆ ಪಿನ್ನು ಚುಚ್ಚುತ್ತ ಕೂತಳು. ಒಂದು ಕಡೆ ನವಾಹೊ, ಒಂದು ಕಡೆ ಸಮೋವಾ. ಆಮೇಲೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಮೇಲೆ 'ನಾವು' ಎಂದು ಬರೆದಳು.

"ಇದ್ಯಾಕೆ? ಟೀಚರ್ ಎರಡೇ ಅಲ್ವಾ ಕೇಳಿದ್ದು?"

"ಐ ಜಸ್ಟ್ ವಾಂಟ್ ಟು ಸೀ. ಅಪ್ಪಾ, ನೀರು: ಅರ್ಲೀನ್ ಅವರ ತಮ್ಮ ಟ್ರಕ್ಕಲ್ಲಿ ತರ್ತಾರೆ, ನಮಗೆ ನಲ್ಲಿ. ಡಾಕ್ಟರ್: ಅವರಿಗೆ ಒಂದೂವರೆ ಗಂಟೆ, ನಮಗೆ ಎಂಟು ನಿಮಿಷ. ಬ್ಲಡ್ ಟೆಸ್ಟ್: ಅವರದು ಮನೆಗೇ ಬಂದು ಮಾಡ್ತಾರೆ, ಸೀನಾ ಚರ್ಚಲ್ಲಿ ಪ್ರತಿ ತಿಂಗಳು. ನಿಮ್ಮದು ಲಾಸ್ಟ್ ಯಾವಾಗ?"

ಸುಧೀಂದ್ರ ಫೋನು ಬಂದ ಹಾಗೆ ಮಾಡಿ ಎದ್ದ. ಮೇಜಿನಿಂದ ಗಾಜಿನ ಬಾಗಿಲಿಗೆ, ಬಾಗಿಲಿನಿಂದ ಮೇಜಿಗೆ ನಡೆಯತೊಡಗಿದ. ಅರ್ಧ ಗಂಟೆ ಹಾಗೇ ನಡೆದ.

ನಾಲ್ಕು ಗಂಟೆಯ ಹೊತ್ತಿಗೆ ಅಹಲ್ಯಾ ಬಂದಳು. ಬಾಗಿಲಲ್ಲೇ ನಿಂತು ನೆಲ ನೋಡಿದಳು. ತಿಳಿಬಣ್ಣದ ಕಾರ್ಪೆಟ್ಟಿನ ಮೇಲೆ ಕೆಂಪು ಚುಕ್ಕೆಗಳು. ಮೇಜಿನಿಂದ ಬಾಗಿಲಿಗೆ ಒಂದು ಸಾಲು, ಬಾಗಿಲಿನಿಂದ ಮೇಜಿಗೆ ಇನ್ನೊಂದು.

"ರೀ, ಕೂಡ್ರಿ ಸ್ವಲ್ಪ."

"ಯಾಕೆ?"

"ಕೂಡ್ರಿ ಅಂದ್ನಿ."

ಅವನು ಸೋಫಾದ ತುದಿಯಲ್ಲಿ ಕೂತ. ಅಹಲ್ಯಾ ನೆಲದ ಮೇಲೆ ಕೂತು ಅವನ ಬಲಗಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಕಾಲುಚೀಲದ ತಳ ರಕ್ತದಿಂದ ಒದ್ದೆಯಾಗಿತ್ತು; ಕತ್ತರಿಯಿಂದ ಅದನ್ನು ಕತ್ತರಿಸಿ ತೆಗೆದಳು. ಅಂಗಾಲಿನಲ್ಲಿ ರಿಯಾಳ ಬೋರ್ಡಿನ ಹಳದಿ ಪಿನ್ನು ತಲೆಯವರೆಗೂ ಹೊಕ್ಕಿತ್ತು. ಪಕ್ಕದಲ್ಲೇ, ಹೆಬ್ಬೆರಳಿನ ಕೆಳಗೆ, ಇನ್ನೊಂದು ಹುಣ್ಣು. ಅದು ಹಳೆಯದು, ಅಂಚು ಬೆಳ್ಳಗಾಗಿತ್ತು. ಅದೂ ಅವನಿಗೆ ಗೊತ್ತಿರಲಿಲ್ಲ.

"ಅಪ್ಪಾ, ಡಸಂಟ್ ಇಟ್ ಹರ್ಟ್?" ರಿಯಾ ಕೇಳಿದಳು.

ಸುಧೀಂದ್ರ ತನ್ನ ಕಾಲನ್ನು ಬೇರೆ ಯಾರದ್ದೋ ಎಂಬಂತೆ ನೋಡಿದ. ಇಡೀ ದಿನ ಉರಿಯುವ ಕಾಲಿಗೆ ಪಿನ್ನು ಚುಚ್ಚಿದ್ದು ತಿಳಿದಿರಲಿಲ್ಲ.

"ಇಲ್ಲ ಪುಟ್ಟಿ. ಗೊತ್ತೇ ಆಗ್ಲಿಲ್ಲ," ಎಂದ. ಆಮೇಲೆ ಮೆಲ್ಲಗೆ, "ಅಹಲ್ಯಾ, ನನಗೆ ಹೆದರಿಕೆ ಆಗ್ತಿದೆ. ಮೊದಲಿಂದಾನೂ ಇತ್ತು," ಎಂದ.

"ಗೊತ್ತದ ನನಗ. ಏಳ್ರಿ, ಹೋಗೂಣು."

ಅರ್ಜೆಂಟ್ ಕೇರ್ ಎಂಬ ತುರ್ತು ಕ್ಲಿನಿಕ್ಕಿನಲ್ಲಿ ಪಿನ್ನು ತೆಗೆದು ಗಾಯ ಕಟ್ಟಿದರು, ಮಾರನೆಯ ದಿನವೇ ಡಾಕ್ಟರನ್ನು ನೋಡಿ ಎಂದರು. ಡಾಕ್ಟರು ಎ-ಒನ್-ಸಿ ಎಂಬ ಪರೀಕ್ಷೆ ಮಾಡಿಸಿದರು. ಹಿಂದಿನ ಎರಡು ಮೂರು ತಿಂಗಳು ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ಅದು ಹೇಳುತ್ತದೆ. ಆರೂವರೆ ಮುಟ್ಟಿದರೆ ಸಕ್ಕರೆ ಕಾಯಿಲೆ. ಸುಧೀಂದ್ರನದು ಹತ್ತು ದಾಟಿತ್ತು.

"ನಾನು ಸಣ್ಣಗಿದ್ದೀನಲ್ಲ ಡಾಕ್ಟರ್," ಎಂದ ಅವನು ಸಣ್ಣ ದನಿಯಲ್ಲಿ.

"ಭಾರತದ ಕಡೆಯವರಿಗೆ ತೂಕ ಹೆಚ್ಚಿಲ್ಲದಿದ್ದರೂ ಇದು ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಇದ್ದರೆ ಇನ್ನೂ ಬೇಗ. ಕಾಲಿನ ನರ ಸೋತಿದೆ, ಅದಕ್ಕೇ ಉರಿ, ಅದಕ್ಕೇ ನೋವು ತಿಳಿಯದ್ದು. ಹಳೆಯ ಹುಣ್ಣು ಮೂಳೆಗೆ ಇಳಿದಿಲ್ಲ. ಇನ್ನು ಕೆಲವು ವಾರ ತಡೆದಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ."

ಹುಣ್ಣು ಮಾಯಲು ಒಂಬತ್ತು ವಾರ ಹಿಡಿಯಿತು. ಮನೆಯಲ್ಲಿ ಅಷ್ಟೂ ದಿನ ಯಾರಿಗೂ ನೆಮ್ಮದಿ ಇರಲಿಲ್ಲ. ಅಹಲ್ಯಾ ದಿನಕ್ಕೆ ಎರಡು ಸಲ ಪಟ್ಟಿ ಬಿಚ್ಚಿ ನೋಡುವಳು. ಔಷಧಿ, ಊಟದಲ್ಲಿ ಅನ್ನ ಕಡಿಮೆ, ಗಾಯ ಮಾಯುತ್ತ ಬಂದ ಮೇಲೆ ಡಾಕ್ಟರು ಹೇಳಿದಷ್ಟು ನಡಿಗೆ. ಮೂರು ತಿಂಗಳಿಗೆ ಎ-ಒನ್-ಸಿ ಏಳೂಕಾಲಿಗೆ ಇಳಿಯಿತು. ಬಾಯಾರಿಕೆ ಹೋಯಿತು, ಉರಿ ಕಡಿಮೆಯಾಯಿತು. ಬಲಗಾಲಿನ ಎರಡು ಬೆರಳಿಗೆ ಮಾತ್ರ ಸ್ಪರ್ಶ ತಿರುಗಿ ಬರಲೇ ಇಲ್ಲ.

ನಡೆಯುವಷ್ಟಾದ ಮೊದಲ ಭಾನುವಾರ ಅವನು ರಿಯಾಳನ್ನು ಕರೆದುಕೊಂಡು ಯೂಲೆಸ್‌ಗೆ ಹೋದ. ಸೀನಾ ಮೇಜಿನ ಹಿಂದೆ ಇದ್ದಳು.

"ಅವತ್ತು ನಿಮ್ಮ ಜನರ ಬಗ್ಗೆ ಆಡಬಾರದ್ದು ಆಡಿದೆ. ಕ್ಷಮಿಸಿ," ಎಂದ.

ಸೀನಾ ಗಾಯಕ್ಕೆಂದು ಡಾಕ್ಟರು ಕೊಟ್ಟ, ಅವನ ಕಾಲಿನ ಅಗಲ ಚಪ್ಪಲಿ ನೋಡಿದಳು. ಎಲ್ಲ ಅರ್ಥವಾಯಿತು. "ಕ್ಷಮೆ ಇರಲಿ. ನಿಮ್ಮವರು ನೂರಾರು ಜನ ಸೇರುವ ಊಟ ಯಾವಾಗ ಇದೆ ಹೇಳಿ. ಮೇಜು ನಾನು ತರುತ್ತೇನೆ," ಎಂದಳು.

ಯುಗಾದಿಯ ಊಟಕ್ಕೆ ಪಕ್ಕದ ಊರು ಕ್ಯಾರಲ್ಟನ್‌ನ ಹಾಲಿನಲ್ಲಿ ಕನ್ನಡದವರು ಸೇರಿದ್ದರು. ಎಲೆ ಹಾಕುವ ಮೊದಲು ಬಾಗಿಲ ಹತ್ತಿರವೇ ಸೀನಾಳ ಮೇಜು. ಮೊದಮೊದಲು ಎಲ್ಲರೂ ಬಳಸಿಕೊಂಡು ಹೋದರು. ಸುಧೀಂದ್ರನ ಗೆಳೆಯ ಪ್ರಹ್ಲಾದ್ ನಗುತ್ತ, "ಹಬ್ಬದ ದಿನ ಇದೆಲ್ಲಾ ಯಾಕೋ ಮಾರಾಯ? ಹೋಳಿಗೆ ತಿಂದ್ಮೇಲೆ ನೋಡೋಣ ಬಿಡು," ಎಂದ.

ಸುಧೀಂದ್ರ ವಾದ ಮಾಡಲಿಲ್ಲ. ಒಂದು ಕುರ್ಚಿ ಎಳೆದು ಕೂತು, ಅಷ್ಟೂ ಜನರ ಎದುರಿಗೆ ಕಾಲುಚೀಲ ಬಿಚ್ಚಿ ಅಂಗಾಲು ತೋರಿಸಿದ. "ಇಲ್ಲಿ ಪಿನ್ನು ಹೊಕ್ಕಿತ್ತು ಪ್ರಹ್ಲಾದ. ಅರ್ಧ ಗಂಟೆ ಅದರ ಮೇಲೇ ನಡೆದಿದ್ದೀನಿ. ನಾನೂ ಆಮೇಲೆ, ಆಮೇಲೆ ಅಂತ ಮೂರು ವರ್ಷ ತಳ್ಳಿದವನೇ."

ಪ್ರಹ್ಲಾದನ ನಗು ನಿಂತಿತು. ಅವನ ಹೆಂಡತಿ ಅವನ ಮೊಣಕೈ ಹಿಡಿದು ಸೀನಾಳ ಮುಂದೆ ಕೂರಿಸಿದಳು. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಎಲೆ ಹಾಕುವುದು ಮುಕ್ಕಾಲು ಗಂಟೆ ತಡವಾಯಿತು. ಆ ದಿನ ಡಾಕ್ಟರನ್ನು ನೋಡಿ ಎಂದು ಸೀನಾ ಬರೆದುಕೊಟ್ಟ ಚೀಟಿಗಳು ಹನ್ನೊಂದು. ಅದರಲ್ಲಿ ಒಂದು ಪ್ರಹ್ಲಾದನದು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನೀವು ಡಲ್ಲಾಸಿನಲ್ಲಿರಿ, ಶುಗರ್ ಲ್ಯಾಂಡಿನಲ್ಲಿರಿ, ಆಸ್ಟಿನ್ನಿನಲ್ಲಿರಿ, ಒಂದು ಮಾತು ಕೇಳಿ. ಮೂವತ್ತೈದು ದಾಟಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ, ಈ ವಾರವೇ ಡಾಕ್ಟರಿಗೆ ಫೋನ್ ಮಾಡಿ ಎ-ಒನ್-ಸಿ ಪರೀಕ್ಷೆ ಕೇಳಿ. ಕಾಯಿಲೆ ಇದ್ದವರು ದಿನಾ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಮನೆಯವರಿಗೆ ತೋರಿಸಿ. ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರನ್ನೂ ನೋಡಿ. ಇನ್ಶೂರೆನ್ಸ್ ಇಲ್ಲದ ಅಮ್ಮ, ಅಪ್ಪ, ಅತ್ತೆ, ಮಾವ ನಿಮ್ಮ ಜೊತೆ ಇದ್ದರೆ ಅವರನ್ನೂ ಬಿಡಬೇಡಿ. ಕಡಿಮೆ ಖರ್ಚಿನ ಕ್ಲಿನಿಕ್ಕುಗಳಿವೆ, ಕೇಳಿ ತಿಳಿದುಕೊಳ್ಳಿ. ಹೆದರಿಕೆ ಇದ್ದರೆ ಹೆದರಿಕೊಂಡೇ ಹೋಗಿ. ಹೋಗುವುದು ಮುಖ್ಯ.