ಗಾಜಿನ ಮಾಡಿನ ಕಾರಿಗೊಂದು ಆಂಟೆನಾ

ನನ್ನ ಗಂಡ ಪೂವಪ್ಪನವರು ಮನೆಯಲ್ಲಿ ಒಂದು ಬಲ್ಬ್ ಬದಲಿಸಿದವರಲ್ಲ. ಅಂಥವರು ಒಂದು ಸಂಜೆ ಆಫೀಸಿನಿಂದ ಬರುವಾಗ ನನ್ನಷ್ಟೇ ಎತ್ತರದ ಆಂಟೆನಾವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರೆ ನಾನು ಏನೆಂದು ತಿಳಿಯಬೇಕು?

"ಎಂತ ಇದು? ಮೀನಿಗೆ ಗಾಳ ಹಾಕ್ಲಿಕ್ಕೆ ಹೊರಟದ್ದಾ?" ಎಂದು ಕೇಳಿದೆ.

"ಕಾರಿಗೆ," ಎಂದರು. "ಮನುಷ್ಯ ಅಂದ್ಮೇಲೆ ಒಂದು ಹವ್ಯಾಸ ಬೇಕಲ್ಲ ದಮಯಂತಿ."

ಹವ್ಯಾಸವಂತೆ! ಯಾರ ಕಿವಿಗೆ ಹೂ ಇಡುತ್ತಿದ್ದಾರೆ? ಹಿಂದಿನ ದಿನವಷ್ಟೇ ಮಗಳು ಸಮೀಕ್ಷಾ ನನಗೆ ಫೋನ್ ಮಾಡಿದ್ದಳು. ಅವಳು ಸರಕಿನ ಹಡಗಿನಲ್ಲಿ ಥರ್ಡ್ ಆಫೀಸರ್. ಬರುವ ಶುಕ್ರವಾರ ಹಡಗು ಇಲ್ಲೇ ಒಮಾನಿನ ಸೊಹಾರ್ ಬಂದರಿನ ಹೊರಗೆ ಲಂಗರು ಹಾಕುತ್ತದೆ, ಆದರೆ ಯಾರಿಗೂ ಇಳಿಯಲು ಬಿಡುವುದಿಲ್ಲ ಎಂದಳು. ಬೆಳಗಿನ ಪಾಳಿ ಅವಳದು, ಬಂದರಿನವರ ಜೊತೆ ರೇಡಿಯೋದಲ್ಲಿ ಮಾತಾಡುವವಳೂ ಅವಳೇ. ನಾನು ಬೇಕೆಂದೇ ಇದನ್ನೆಲ್ಲ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ್ದೆ. ಚಾವಡಿಯಲ್ಲಿ ಕೂತಿದ್ದ ಇವರು ಟಿವಿಯ ಸದ್ದು ಕಡಿಮೆ ಮಾಡಿದ್ದು ನನಗೆ ಕೇಳಿಸಿತ್ತು.

ಅಪ್ಪ ಮಗಳ ನಡುವೆ ಮಾತಿಲ್ಲದೆ ಎಂಟು ತಿಂಗಳಾಗಿತ್ತು. ಇವರು ಸೀಬ್‌ನಲ್ಲಿ ಹಡಗಿನ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಆಫೀಸಿನಲ್ಲಿದ್ದಾರೆ. ಅದೇ ಆಫೀಸಿನಲ್ಲಿ ಮಗಳಿಗೆ ಕಿಟಕಿ ಪಕ್ಕದ ಮೇಜನ್ನೂ ಗೊತ್ತು ಮಾಡಿ ಇಟ್ಟಿದ್ದರು. ಅವಳು ಕೋರ್ಸು ಮುಗಿಸಿದವಳೇ ನನಗೊಬ್ಬಳಿಗೆ ಹೇಳಿ ಹಡಗು ಹತ್ತಿದಳು. ಹಡಗಿಗೆ ಹೋದಳು ಎನ್ನುವುದಕ್ಕಿಂತ ತಮಗೆ ಹೇಳದೆ ಹೋದಳಲ್ಲ ಎಂಬುದೇ ಇವರಿಗೆ ನಾಟಿತು. ಅವಳು ಹಡಗಿನಿಂದ ಫೋನ್ ಮಾಡಿದಾಗ "ಇನ್ನು ನನಗೆ ಫೋನ್ ಮಾಡ್ಬೇಡ," ಎಂದು ಕಿರುಚಿದರು. ಅವಳೂ ಇವರದೇ ಮಗಳು ತಾನೆ? ಮಾಡಲಿಲ್ಲ. ಆ ಮಾತನ್ನು ಹಿಂದೆ ತೆಗೆದುಕೊಳ್ಳಲು ಇವರಿಗೆ ಬಾಯಿ ಬರುವುದಿಲ್ಲ. ಒಂದು ಸಲ ಅವಳ ಸ್ವರ ಕೇಳದೆ ನಿದ್ದೆಯೂ ಬರುವುದಿಲ್ಲ. ಇವರ ಗತ್ತಿಗೆ ಬೆಂಕಿ ಬೀಳ!

ಆಂಟೆನಾದ ಜೊತೆ ಚೀಲದಲ್ಲಿ ಒಂದು ಸ್ಕ್ಯಾನರೂ ಇತ್ತು. ಸ್ಕ್ಯಾನರ್ ಎಂದರೆ ರೇಡಿಯೋದ ಮಾತು ಕೇಳುವ ಪೆಟ್ಟಿಗೆ. ಒಂದೊಂದೇ ಚಾನೆಲ್ ಹುಡುಕುತ್ತಾ ಹೋಗಿ ಮಾತು ಸಿಕ್ಕಿದಲ್ಲಿ ನಿಲ್ಲುತ್ತದೆ. ನಾವು ಅದರಲ್ಲಿ ಮಾತಾಡುವಂತಿಲ್ಲ. ಹಡಗುಗಳ ಸುದ್ದಿ ತಿಳಿಯಲು ಆಫೀಸಿನವರು ಪರವಾನಗಿ ಸಹಿತ ಇಟ್ಟುಕೊಂಡದ್ದನ್ನು ಇವರು ಕಫೀಲ್, ಅಂದರೆ ಆಫೀಸಿನ ಒಮಾನಿ ಯಜಮಾನರ ಬಳಿ ಕೇಳಿ ತಂದಿದ್ದರು. ಆಂಟೆನಾ ಮಾತ್ರ ಸ್ವಂತ ಬುದ್ಧಿಯಿಂದ ಕೊಂಡದ್ದು.

ಮರುದಿನ ಅದನ್ನು ಹಾಕಿಸಲು ಅಲ್ ಮಬೇಲಾದ ಉಮರಬ್ಬರ ಅಂಗಡಿಗೆ ಹೋದೆವು. ಅವರು ಕಾರಿನ ಸಾಮಾನು ಮಾರುವವರು, ನಮ್ಮ ಪುತ್ತೂರಿನ ಕಡೆಯವರೇ. ಆಂಟೆನಾ ನೋಡಿದ್ದೇ ನಗತೊಡಗಿದರು.

"ಪೂವಪ್ಪಣ್ಣ, ಇದು ಲಾರಿಯವರದ್ದು ಮಾರಾಯ್ರೆ. ಹಡಗಿನ ಚಾನೆಲಿಗೆ ಅರ್ಧ ಮೀಟರ್ ಕಡ್ಡಿ ಸಾಕು."

"ಉದ್ದ ಇದ್ದಷ್ಟು ಹೆಚ್ಚು ಕೇಳುದಿಲ್ವಾ?"

"ಕೊಳಲು ಉದ್ದ ಮಾಡಿದ್ರೆ ಸ್ವರ ಜೋರಾಗ್ತದಾ? ಸ್ವರವೇ ಬೇರೆ ಆಗ್ತದೆ ಅಷ್ಟೆ."

ಇವರ ಮುಖ ಸಪ್ಪಗಾಯಿತು. ನನಗೆ ಮಾತ್ರ ವಿಷಯ ರುಚಿಸತೊಡಗಿತು. ಒಂದೊಂದು ಚಾನೆಲಿಗೆ ಒಂದೊಂದು ಅಳತೆಯ ಕಡ್ಡಿ ಇರುತ್ತದೆಯೆಂದು ಯಾರಿಗೆ ಗೊತ್ತಿತ್ತು? ಉಮರಬ್ಬ ಒಂದು ಚಿಕ್ಕ ಆಂಟೆನಾ ತೆಗೆದರು. ಅದರ ಬುಡದಲ್ಲಿ ಅಯಸ್ಕಾಂತ. "ತೂತು ಬೇಡ, ಸ್ಕ್ರೂ ಬೇಡ. ಮಾಡಿನ ಮೇಲೆ ಇಟ್ರೆ ಖಲಾಸ್," ಎನ್ನುತ್ತಾ ದೊಡ್ಡ ಗತ್ತಿನಿಂದ ನಮ್ಮ ಕಾರಿನ ಮಾಡಿನ ಮೇಲಿಟ್ಟರು. ಅದು ಜಾರಿ ಬಂದು ಅವರ ಕಾಲ ಮೇಲೆಯೇ ಬಿತ್ತು.

ನಮ್ಮ ಕಾರಿನ ಮಾಡು ಪೂರ್ತಿ ಗಾಜು. ಆಕಾಶ ಕಾಣುತ್ತದೆ ಎಂಬ ಆಸೆಗೆ ಕೊಂಡದ್ದು. ಒಮಾನಿನ ಬಿಸಿಲಿಗೆ ಅದರ ಪರದೆಯನ್ನು ಒಂದು ದಿನವೂ ತೆರೆದದ್ದಿಲ್ಲ.

"ಗಾಜಿಗೆ ಅಯಸ್ಕಾಂತ ಹಿಡಿಯುದಿಲ್ಲ ಅಂತ ನಂಗೂ ಈಗಲೇ ನೆನಪಾದದ್ದು," ಎಂದು ಉಮರಬ್ಬ ಕಾಲು ಉಜ್ಜಿಕೊಂಡರು. ಬಾನೆಟ್ಟಿಗೆ ತೂತು ಕೊರೆದು ಕೂರಿಸೋಣವೇ ಎಂದು ಕೇಳಿದ್ದಕ್ಕೆ, ತಮ್ಮ ತಲೆಗೇ ಡ್ರಿಲ್ ಇಟ್ಟ ಹಾಗೆ ಇವರು ಬೆಚ್ಚಿದರು. ಕೊನೆಗೆ ಆಂಟೆನಾ ಹಿಡಿದುಕೊಂಡು ಮನೆಗೆ ಬಂದೆವು.

ನನಗೆ ಕುತೂಹಲ ತಡೆಯಲಾಗಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಾವಿನ ಹಣ್ಣಿನ ಆಕಾರದ ಅಯಸ್ಕಾಂತ ಕಿತ್ತುಕೊಂಡು ಹೋಗಿ ಕಾರಿಗೆ ಒಂದು ಸುತ್ತು ಬಂದೆ. ಬಾನೆಟ್ಟಿಗೆ ಇಟ್ಟೆ, ಬಿತ್ತು. ಅದು ಅಲ್ಯೂಮಿನಿಯಂ. ಡಿಕ್ಕಿಗೆ ಇಟ್ಟೆ, ಬಿತ್ತು. ಅದು ಪ್ಲಾಸ್ಟಿಕ್. ಇಷ್ಟು ದುಡ್ಡು ಕೊಟ್ಟು ಕೊಂಡ ಕಾರಿನಲ್ಲಿ ಕಬ್ಬಿಣವಿದ್ದದ್ದು ಬಾಗಿಲುಗಳಲ್ಲಿ ಮಾತ್ರ! ಆಂಟೆನಾವನ್ನು ಬಾಗಿಲಿಗೆ ಅಂಟಿಸಿದರೆ ಕೊಂಬು ಬಾಗಿದ ಎಮ್ಮೆಯಂತೆ ಅಡ್ಡಲಾಗಿ ನಿಂತಿತು. ಸ್ಕ್ಯಾನರಿನಲ್ಲಿ ಬರೀ ಸುಸ್ ಎಂಬ ಸದ್ದು.

ಫೋನ್ ಮಾಡಿದಾಗ ಉಮರಬ್ಬ ಹೇಳಿದರು: "ನೆಟ್ಟಗೆ ನಿಲ್ಬೇಕು ದಮಯಂತಕ್ಕ, ಕೆಳಗೆ ತಗಡೂ ಬೇಕು. ಮೇಲಿನ ಕಡ್ಡಿ ಅರ್ಧ ಆಂಟೆನಾ, ಕೆಳಗಿನ ತಗಡು ಇನ್ನರ್ಧ."

ಅಗಲವಾದದ್ದು, ಕಬ್ಬಿಣದ್ದು, ಮಾಡಿನ ಮೇಲೆ ಕಟ್ಟಬಹುದಾದದ್ದು. ಯೋಚಿಸುತ್ತಾ ಅಡುಗೆಮನೆಗೆ ಹೋದವಳಿಗೆ ನೀರುದೋಸೆಯ ಕಾವಲಿ ಕಂಡಿತು.

ಈ ಕಾವಲಿ ಊರಿನಿಂದ ನನ್ನ ಜೊತೆ ವಿಮಾನದಲ್ಲಿ ಬಂದದ್ದು. ಇದಕ್ಕೆ ಇದುವರೆಗೆ ಸಾಬೂನು ಸೋಕಿಲ್ಲ, ದೋಸೆಯಲ್ಲದೆ ಇನ್ನೊಂದು ಬಿದ್ದಿಲ್ಲ. ಕಾವಲಿಯನ್ನು ಬೇರೆಯವರ ಕೈಗೆ ಕೊಟ್ಟರೆ ಮತ್ತೆ ದೋಸೆ ಏಳುವುದಿಲ್ಲ ಎಂಬುದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. ಉಮರಬ್ಬರ ಹೆಂಡತಿ ಸೈನಬ ಒಮ್ಮೆ ಕೇಳಿದಾಗಲೂ ನಾನು ದೋಸೆಯನ್ನೇ ಹೊಯ್ದು ಕೊಟ್ಟೆನೇ ಹೊರತು ಕಾವಲಿ ಕೊಡಲಿಲ್ಲ. ಸ್ವಲ್ಪ ಹೊತ್ತು ಅದರ ಎದುರು ನಿಂತೆ. ಮತ್ತೆ ಹಿಡಿ ಹಿಡಿದು ಎತ್ತಿಕೊಂಡು ಹೊರಗೆ ನಡೆದೆ.

ಇವರು ಕಾವಲಿ ನೋಡಿದರು, ನನ್ನ ಮುಖ ನೋಡಿದರು.

"ಬೇಡ ಮಾರಾಯ್ತಿ," ಎಂದರು. "ಹವ್ಯಾಸಕ್ಕೆಲ್ಲ ಕಾವಲಿ ಯಾಕೆ?"

"ಹವ್ಯಾಸಕ್ಕಾದ್ರೆ ನಾನು ಕೊಡ್ತಿದ್ದೆನಾ?" ಎಂದೆ. ಇವರು ಹಗ್ಗ ಹುಡುಕಲು ಹೊರಟರು.

ಮಾಡಿನ ಮೇಲಿನ ಎರಡು ಸರಳುಗಳಿಗೆ ಅಡ್ಡಲಾಗಿ ಹಲಗೆ ಇಟ್ಟು, ಅದಕ್ಕೆ ಕಾವಲಿಯನ್ನು ಬಟ್ಟೆ ಒಣಗಿಸುವ ಹಗ್ಗದಿಂದ ಬಿಗಿದೆವು. ಆಂಟೆನಾದ ಬುಡ ಕಾವಲಿಯ ನಡುವೆ ಟಪ್ಪೆಂದು ಕಚ್ಚಿಕೊಂಡಿತು. ವೈರನ್ನು ಹಿಂದಿನ ಬಾಗಿಲಿನ ರಬ್ಬರಿನ ಕೆಳಗಿನಿಂದ ಒಳಗೆ ತಂದು, ಬಾಗಿಲು ಹಾಕಿದರೂ ತೆಗೆದರೂ ಅದು ಜಜ್ಜಿಹೋಗುವುದಿಲ್ಲವೆಂದು ನೋಡಿಕೊಂಡೆವು. ಸ್ಕ್ಯಾನರ್ ಹಾಕಿದೊಡನೆ ಸುಸ್ ಎಂಬುದು ನಿಂತು ಯಾರೋ ದೋಣಿಯವನೊಬ್ಬ ಅರಬಿಯಲ್ಲಿ ಇನ್ನೊಬ್ಬನಿಗೆ ಬೈಯತೊಡಗಿದ. ಅಷ್ಟು ಸ್ಪಷ್ಟವಾದ ಬೈಗಳನ್ನು ಕೇಳಿ ನಾವಿಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು.

ಶುಕ್ರವಾರ ಬೆಳಕು ಹರಿಯುವಾಗಲೇ ಹೊರಟೆವು. ದಾರಿಯಲ್ಲಿ ಪೆಟ್ರೋಲ್ ಪಂಪಿನ ಹುಡುಗ ಮಾಡಿನ ಮೇಲೆ ನೋಡಿ, "ಅಂಕಲ್, ಊಪರ್ ರೋಟಿ ಬನಾಯೇಂಗೆ ಕ್ಯಾ?" ಎಂದು ನಕ್ಕ. ಇವರಿಗೆ ನಗು ಬರಲಿಲ್ಲ. ಸೊಹಾರಿನ ಕಡಲ ಬದಿಯಲ್ಲಿ ಕಾರು ನಿಲ್ಲಿಸಿದಾಗ ದೂರದಲ್ಲಿ ನಾಲ್ಕಾರು ಹಡಗುಗಳು ನಿಂತಿದ್ದವು. ನಮ್ಮ ಮಗಳದು ಯಾವುದೆಂದು ಯಾರಿಗೆ ಗೊತ್ತು?

ಕಾದೆವು. ಗಂಡಸಿನ ಸ್ವರಗಳೇ ಬಂದವು, ಹೋದವು. ಪ್ರತಿ ಸಲವೂ ಇವರು ಮುಂದಕ್ಕೆ ಬಾಗಿ ಮತ್ತೆ ಹಿಂದಕ್ಕೆ ಒರಗುತ್ತಿದ್ದರು. ನಾನು ತಂದ ಚಹಾ ಫ್ಲಾಸ್ಕಿನಲ್ಲೇ ಆರಿತು.

"ಸೊಹಾರ್ ಪೋರ್ಟ್ ಕಂಟ್ರೋಲ್, ದಿಸ್ ಈಸ್ ಏಶಿಯನ್ ಜಾಸ್ಮಿನ್."

ಅವಳೇ! ಹಡಗಿನ ಉದ್ದ, ಆಳ, ಎಷ್ಟು ಜನ, ಎಲ್ಲಿಂದ ಬಂದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಬಂದರಿನವನಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದ. ಇವರು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವಳು ಮತ್ತೆ ಹೇಳಿದಳು, ಈ ಸಲ ಬಿಡಿಸಿ ಬಿಡಿಸಿ. ಲಂಗರು ಎಲ್ಲಿ ಹಾಕಬೇಕೆಂದು ಅವನು ತಿಳಿಸಿದ. ಮುಗಿಯಿತು.

ಇವರು ಸ್ಕ್ಯಾನರಿನ ಮೇಲೆ ಕೈಯಿಟ್ಟು ಕೂತರು. ಕಣ್ಣು ತುಂಬಿತ್ತು.

"ಪಾಳಿ ಮುಗಿದ ಮೇಲೆ ಫೋನ್ ಮಾಡಿ," ಎಂದೆ.

"ಮಾಡ್ಬೇಡ ಅಂದದ್ದು ನಾನು. ಈಗ ಯಾವ ಮುಖ ಇಟ್ಕೊಂಡು ಮಾಡುದು?"

ಮಧ್ಯಾಹ್ನ ನನ್ನ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಅವಳ ಹೆಸರು. ನಾನು ಕೈ ಚಾಚುವ ಮೊದಲೇ ಇವರು ಎತ್ತಿಕೊಂಡರು.

"ನೀನು ತುಂಬ ಬೇಗ ಬೇಗ ಮಾತಾಡ್ತೀ," ಎಂದರು. ಎಂಟು ತಿಂಗಳ ಮೇಲೆ ಮೊದಲ ಮಾತು ಇದು! ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. "ನಿಧಾನ ಹೇಳ್ಬೇಕು. ಅವನಿಗೆ ಮೊದಲು ಅರ್ಥವೇ ಆಗ್ಲಿಲ್ಲ."

ನಾನು ಕೈ ಚಾಚಿ ಸ್ಪೀಕರ್ ಒತ್ತಿದೆ. ಅವಳು ಕೇಳಿದಳು: "ಪಪ್ಪ? ನೀವು ಕೇಳಿದ್ರಾ? ಹೇಗೆ?"

"ಸ್ಕ್ಯಾನರಲ್ಲಿ. ಇಲ್ಲೇ ಕಡಲ ಬದಿಯಲ್ಲಿದ್ದೇವೆ."

"ನಮ್ಮ ಕಾರಿಗೆ ಗ್ಲಾಸ್ ರೂಫ್ ಅಲ್ವಾ ಪಪ್ಪ? ಆಂಟೆನಾ ಹೇಗೆ ಕೂರಿಸಿದ್ರಿ?"

ಅಷ್ಟು ಸಾಕಾಯಿತು. ಲಾರಿಯ ಆಂಟೆನಾದಿಂದ ಶುರುಮಾಡಿ ಉಮರಬ್ಬರ ಕಾಲಿನವರೆಗೆ ಒಂದನ್ನೂ ಬಿಡದೆ ವರದಿ ಒಪ್ಪಿಸಿದರು. ಕಾವಲಿಯ ವಿಷಯ ಬಂದಾಗ ಅವಳು "ಅಮ್ಮ ಕೊಟ್ರಾ?" ಎಂದು ಕಿರುಚಿದಳು. ನಗುತ್ತಾ ಇದ್ದವಳು ಆಮೇಲೆ ಸ್ವರ ತಗ್ಗಿಸಿದಳು.

"ಪಪ್ಪ, ಕ್ಯಾಪ್ಟನ್ ಇವತ್ತೇ ಫಸ್ಟ್ ಟೈಮ್ ನನಗೊಬ್ಳಿಗೇ ಮಾತಾಡ್ಲಿಕ್ಕೆ ಬಿಟ್ಟದ್ದು. ನಂಗೆ ಹೆದರಿಕೆ ಆಗಿತ್ತು. ಇಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ."

"ನನಗೆ ಗೊತ್ತಾಯ್ತು," ಎಂದರು ಇವರು. "ಎರಡನೇ ಸಲ ಹೇಳುವಾಗ ಹೆದರಿಕೆ ಇರ್ಲಿಲ್ಲ. ಅದೂ ಗೊತ್ತಾಯ್ತು."

ನನಗೆ ಅಳು ತಡೆಯಲಾಗಲಿಲ್ಲ. ಕಾರಿನ ಬಾಗಿಲು ತೆಗೆದು ಇಳಿಯುವಾಗ ಇವರು ಹೇಳುತ್ತಿದ್ದರು: "ನಾಳೆಯೂ ಫೋನ್ ಮಾಡು ಮಗಾ. ಅಮ್ಮನಿಗಲ್ಲ, ನನ್ನ ನಂಬರಿಗೆ ಮಾಡು."