ಊಟಕ್ಕೆ ಮುಂಚಿನ ಫೋಟೋ

ನಾಯಿಯ ಹೇಲು ಬಳಿಯುವುದು ನನಗೆ ಹೇಸಿಗೆಯಲ್ಲ. ಹನ್ನೊಂದು ವರ್ಷದಿಂದ ಬಳಿಯುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಶೆಡ್ಡಿನ ಬಾಗಿಲು ತೆಗೆದರೆ ನಲವತ್ತು ನಾಯಿಗಳ ವಾಸನೆ ಒಮ್ಮೆಲೇ ಮುಖಕ್ಕೆ ಬಡಿಯುತ್ತದೆ, ಹತ್ತು ನಿಮಿಷದಲ್ಲಿ ಮೂಗು ಒಗ್ಗಿಕೊಳ್ಳುತ್ತದೆ. ಇಂದಿಗೂ ಒಗ್ಗದಿರುವುದು ಹತ್ತು ಗಂಟೆಯ ಮೇಲೆ ಬರುವ ಜನ. ಯಾರೋ ಬಿಟ್ಟುಹೋದ, ದಾರಿಯಲ್ಲಿ ಸಿಕ್ಕ ನಾಯಿಗಳನ್ನು ಇಟ್ಟುಕೊಂಡು, ಸಾಕುವವರು ಬಂದರೆ ಕೊಡುವ ಜಾಗ ನಮ್ಮದು. ಬರುವವರು ಮೊಬೈಲಿನಲ್ಲಿ ನಮ್ಮ ನಾಯಿಯ ಫೋಟೋ ಹಿಡಿದುಕೊಂಡೇ ಬರುತ್ತಾರೆ. ಬೋನಿನ ಮುಂದೆ ನಿಂತು ಒಮ್ಮೆ ಫೋಟೋ ನೋಡುತ್ತಾರೆ, ಒಮ್ಮೆ ನಾಯಿಯನ್ನು ನೋಡುತ್ತಾರೆ. "ಫೋಟೋದಲ್ಲಿ ಎಷ್ಟು ಮುದ್ದಾಗಿತ್ತು, ಇದೇನಾ ಅದು?" ಎಂದು ಕರವಸ್ತ್ರದೊಳಗಿಂದ ಕೇಳುತ್ತಾರೆ.

ಆ ಫೋಟೋ ತೆಗೆಯುವವಳು ನಾನೇ. ಹಾಗಾಗಿ ಪೂರ್ತಿ ತಪ್ಪನ್ನು ಅವರ ತಲೆಗೆ ಕಟ್ಟುವ ಹಾಗಿಲ್ಲ.

ಕ್ಯಾಮೆರಾ ಬಂದದ್ದು ಹಳೆಯ ಹೊದಿಕೆಗಳ ಜೊತೆ, ಯಾರೋ ದಾನ ಕೊಟ್ಟ ರಟ್ಟಿನ ಪೆಟ್ಟಿಗೆಯಲ್ಲಿ. ಅಂಗೈಯಷ್ಟಗಲದ ಅಗ್ಗದ ಮಾಲು. ಮ್ಯಾನೇಜರ್ ಅದನ್ನು ನನ್ನ ಕೈಗಿಟ್ಟು, "ನೋಡಮ್ಮ, ಹೇಗಿದ್ರೂ ನಾಯಿಗಳು ನಿನ್ನ ಮಾತು ಕೇಳ್ತಾವೆ, ನೀನೇ ತೆಗಿ" ಎಂದು ಕೈತೊಳೆದುಕೊಂಡರು. ಮೊದಲ ತಿಂಗಳು ನಾನು ತೆಗೆದದ್ದು ನೋಡಿದರೆ ನಾಯಿಗಳೇ ನಗಬೇಕು. ಗುಂಡಿ ಒತ್ತಿದ ಒಂದು ಕ್ಷಣದ ಮೇಲೆ ಅದು ಟಕ್ ಎನ್ನುತ್ತಿತ್ತು, ಅಷ್ಟರಲ್ಲಿ ನಾಯಿ ಎದ್ದುಹೋಗಿ ಬಾಲ ಮಾತ್ರ ಸಿಗುತ್ತಿತ್ತು. ಫ್ಲ್ಯಾಶ್ ಹಾಕಿದರೆ ಕಣ್ಣೆಲ್ಲ ಹಸಿರು ದೆವ್ವ. ನಿಧಾನವಾಗಿ ಕಲಿತೆ. ಕ್ಯಾಮೆರಾದ ಗಾಜನ್ನು ಮೊದಲು ಒರೆಸಬೇಕು, ಏಕೆಂದರೆ ಅದನ್ನು ಯಾವುದೋ ನಾಯಿ ನೆಕ್ಕಿರುತ್ತದೆ. ಫ್ಲ್ಯಾಶ್ ಆರಿಸಿ ಕಿಟಕಿಯ ಬೆಳಕಿಗೆ ಕೂರಿಸಬೇಕು. ನಿಂತು ತೆಗೆದರೆ ನಾಯಿ ಅಪರಾಧಿಯ ಹಾಗೆ ಕಾಣುತ್ತದೆ, ಆದ್ದರಿಂದ ಒದ್ದೆ ನೆಲವಾದರೂ ಸರಿ, ಹೊಟ್ಟೆಯ ಮೇಲೆ ಮಲಗಿ ಅದರ ಕಣ್ಣಿನ ಮಟ್ಟಕ್ಕೆ ಬರಬೇಕು. ದೂರದಿಂದ ಹಿಗ್ಗಿಸಿ ತೆಗೆಯದೆ ನಾವೇ ಹತ್ತಿರ ಹೋಗಬೇಕು. ಹಿಂದೆ ಬೋನಿನ ಸರಳು ಕಾಣದಂತೆ ಒಂದು ಮಾಸಿದ ಬಟ್ಟೆ ಕಟ್ಟಬೇಕು.

ಇಷ್ಟೆಲ್ಲ ಮಾಡಿದರೂ ನಾಯಿ ಕ್ಯಾಮೆರಾದ ಕಡೆ ನೋಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಬಂತು. ಯಾರು ಶುರು ಮಾಡಿದರು ಎಂದು ಕೇಳಬೇಡಿ, ನಾನೇ. ಫೋಟೋ ಏನಿದ್ದರೂ ಊಟಕ್ಕೆ ಮುಂಚೆ. ನಾಯಿಯನ್ನು ಕೂರಿಸಿ, ಕ್ಯಾಮೆರಾದ ಪಕ್ಕದಲ್ಲಿ ತಿಂಡಿ ಡಬ್ಬಿಯ ಮುಚ್ಚಳವನ್ನು ಕಿರ್ ಎನ್ನಿಸಿದರೆ ಮುಗಿಯಿತು. ಕಿವಿ ನಿಮಿರುತ್ತದೆ, ಕತ್ತು ಸ್ವಲ್ಪ ವಾಲುತ್ತದೆ, ಕಣ್ಣು ದೊಡ್ಡದಾಗಿ ಒದ್ದೆಯಾಗುತ್ತದೆ. ಆ ಫೋಟೋ ನೋಡಿದವರು ಎದೆಗೆ ಕೈ ಇಟ್ಟುಕೊಂಡು, "ಅಯ್ಯೋ, ಎಷ್ಟು ಪ್ರೀತಿಯಿಂದ ನೋಡ್ತಿದೆ!" ಎನ್ನುತ್ತಾರೆ. ಪ್ರೀತಿಯಂತೆ! ಹೊಟ್ಟೆ ಹಸಿದಿದೆ ಕಣಮ್ಮ, ಅಷ್ಟೇ. ನಾನು ಬಾಯಿ ಬಿಡುತ್ತಿರಲಿಲ್ಲ, ಬಿಟ್ಟಿದ್ದರೆ ನಾಯಿಗೆ ಮನೆ ಸಿಗುತ್ತಿರಲಿಲ್ಲ.

ದೊರೆ ಎಂದು ನಾವು ಕರೆಯುತ್ತಿದ್ದ ನಾಯಿ ಯಾರೂ ಒಯ್ಯದೆ ಏಳು ತಿಂಗಳು ಕೂತೇ ಇದ್ದ. ಬೊಗಳದೆ, ಮುಂಗಾಲು ಜೋಡಿಸಿ, ನಾವೆಲ್ಲ ತನ್ನ ಆಳುಗಳು ಎಂಬಂತೆ ಕೂರುತ್ತಿದ್ದುದರಿಂದ ಆ ಹೆಸರು. ಹುಡುಕಿದರೂ ಒಂದು ಬಿಳಿ ಕೂದಲು ಸಿಗದಷ್ಟು ಕಪ್ಪು. ಕಪ್ಪು ನಾಯಿಯನ್ನು ಅಗ್ಗದ ಕ್ಯಾಮೆರಾದಲ್ಲಿ ತೆಗೆದರೆ ಇದ್ದಿಲ ಗುಡ್ಡೆಯ ಹಾಗೆ ಬರುತ್ತದೆ. ಅವನ ಫೋಟೋ ಇದೆ ಎಂದೇ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಒಂದು ಮಂಗಳವಾರ ಅವನನ್ನು ಕಿಟಕಿಗೆ ಪಕ್ಕ ಮಾಡಿ ಕೂರಿಸಿ, ಇನ್ನೊಂದು ಬದಿಗೆ ಬಿಳಿ ಚಾದರ ಹಿಡಿಸಿದೆ. ಚಾದರಕ್ಕೆ ಬಡಿದ ಬೆಳಕು ಅವನ ಮೈಮೇಲೆ ಬಿದ್ದು ಒಂದೊಂದು ಕೂದಲೂ ಕಂಡಿತು. ಮುಚ್ಚಳ ಕಿರ್ ಎನ್ನಿಸಿದೆ. ಅವನು ನೋಡಿದ ನೋಟಕ್ಕೆ, ಹಸಿವೆಂದು ಗೊತ್ತಿದ್ದ ನಾನೇ ಮರುಳಾದೆ.

ಆ ಫೋಟೋ ನನ್ನ ನಾದಿನಿಯ ಕಣ್ಣಿಗೆ ಬಿತ್ತು. ನಮ್ಮ ಮನೆಯವರ ತಂಗಿ, ಒಬ್ಬಳೇ ಇರುತ್ತಾಳೆ, ಒಂದು ಕಚೇರಿಯಲ್ಲಿ ಕಾಗದಪತ್ರ ನೋಡುವ ಕೆಲಸ. ಮನಸ್ಸಿಗೆ ಬಂದದ್ದನ್ನು ಮನೆಗೆ ತರುವುದು, ಹಳೆಯದಾದ ಮೇಲೆ ಮೂಲೆಗೆ ತಳ್ಳುವುದು ಅವಳ ಸ್ವಭಾವ. ಗೊತ್ತಿದ್ದೂ ಕೊಟ್ಟೆ. ಮನೆಯ ಹುಡುಗಿ, ದೊರೆ ಕಣ್ಣೆದುರಿಗೇ ಇರುತ್ತಾನೆ ಅಂದುಕೊಂಡೆ.

ಹದಿನೈದು ದಿನಕ್ಕೆ ಫೋನ್ ಬಂತು. ನಾನು ಮೊಣಕೈವರೆಗೂ ಫಿನಾಯಿಲ್ ನೀರಿನಲ್ಲಿದ್ದೆ.

"ಅತ್ತಿಗೆ, ನಿಮ್ಮ ದೊರೆ ನನ್ನ ಕಡೆ ನೋಡೋದೇ ಇಲ್ಲ. ತಿಂತಾನೆ, ಮಲಗ್ತಾನೆ, ತಿರುಗಿ ಕೂರ್ತಾನೆ. ಫೋಟೋದಲ್ಲಿ ನೋಡ್ತಿದ್ನಲ್ಲ, ಆ ಥರ ಒಂದು ದಿನಾನೂ ನೋಡಿಲ್ಲ. ನನ್ನ ಕಂಡ್ರೆ ಆಗಲ್ವೇನೋ. ಹಿಂಗೇ ಆದ್ರೆ ವಾಪಸ್ ಕರ್ಕೊಂಡ್ ಬಿಡ್ತೀರಾ?"

ವಾಪಸ್ ಎಂದೊಡನೆ ನನ್ನ ಜೀವ ಹಾರಿತು. ಒಮ್ಮೆ ವಾಪಸ್ ಬಂದ ನಾಯಿಯನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಅವಸರದಲ್ಲಿ ಹೇಳಿಬಿಟ್ಟೆ. "ಅಯ್ಯೋ ಪೆದ್ದೀ, ಅದಕ್ಕೇನ್ ಮಹಾ? ಫೋಟೋ ಊಟಕ್ಕೆ ಮುಂಚೆ ತೆಗಿ. ಡಬ್ಬಿ ಮುಚ್ಚಳ ಸದ್ದು ಮಾಡು. ಕಿಟಕಿ ಪಕ್ಕ ಕೂರ್ಸು, ಇನ್ನೊಂದ್ ಕಡೆ ಬಿಳೀ ಬಟ್ಟೆ ಕಟ್ಟು." ಹೇಳಿದ್ದಷ್ಟೇ ಅಲ್ಲ, ನನ್ನ ಬಳಿ ಇರುವಂಥದೇ ಒಂದು ಹಳೆಯ ಕ್ಯಾಮೆರಾವನ್ನು ಹುಡುಕಿಸಿ ಕಳಿಸಿಕೊಟ್ಟೆ. ಕೈಯಾರೆ.

ಆಮೇಲೆ ಮನೆಯವರೆಲ್ಲ ಇರುವ ಮೊಬೈಲ್ ಗುಂಪಿಗೆ ದಿನಕ್ಕೊಂದು ಫೋಟೋ ಬರತೊಡಗಿತು. ದೊರೆ ಕಿಟಕಿಯ ಬಳಿ, ದೊರೆ ಸೋಫಾದ ಮೇಲೆ, ದೊರೆ ಹೂಕುಂಡದ ಪಕ್ಕ. ಎಲ್ಲದರಲ್ಲೂ ಅದೇ ನೋಟ. ಅತ್ತೆ, ಮಾವ, ಓರಗಿತ್ತಿ ಎಲ್ಲರೂ ಹೃದಯದ ಚಿಹ್ನೆ ಸುರಿದರು. ನಮ್ಮ ಮನೆಯವರು ಊಟದ ತಟ್ಟೆ ಬಿಟ್ಟು ಫೋಟೋ ತೋರಿಸಿ, "ನೋಡೇ, ನನ್ನ ತಂಗಿ ನಿನ್ನನ್ನೇ ಮೀರಿಸಿದ್ಲು" ಎಂದರು. ನನಗೂ ಒಳಗೊಳಗೇ ಕೋಡು ಮೂಡಿತ್ತು, ಸುಳ್ಳು ಹೇಳುವುದಿಲ್ಲ. 'ಇನ್ನೂ ಸ್ವಲ್ಪ ಕೆಳಗಿಂದ ತೆಗಿ' ಎಂದೆಲ್ಲ ಬರೆದು ಕಳಿಸುತ್ತಿದ್ದೆ. ನೋಟ ದಿನದಿಂದ ದಿನಕ್ಕೆ ಆಳವಾಗುತ್ತಿತ್ತು. ಅಷ್ಟು ಆಳ ಎಲ್ಲಿಂದ ಬರುತ್ತಿದೆ ಎಂದು ಯೋಚಿಸಲೇ ಇಲ್ಲ ನಾನು, ನಲವತ್ತು ನಾಯಿಗೆ ಊಟ ಹಾಕುವವಳು.

ಎರಡು ತಿಂಗಳಾಗಿತ್ತು. ಒಂದು ಭಾನುವಾರ ಬಂದ ಫೋಟೋ ನಿಜಕ್ಕೂ ಚೆನ್ನಾಗಿತ್ತು. ಬದಿಯಿಂದ ಬಿದ್ದ ಬೆಳಕು, ಹದವಾಗಿ ಕಟ್ಟಿದ ಬಿಳಿ ಬಟ್ಟೆ. ನಾನು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಆ ಬೆಳಕಿನಲ್ಲಿ ದೊರೆಯ ಪಕ್ಕೆಲುಬನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ಕೆಳಗೆ ಓರಗಿತ್ತಿ ಬರೆದಿದ್ದಳು: 'ಎಷ್ಟು ಸ್ಮಾರ್ಟ್ ಆಗಿದ್ದಾನೆ!'

ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ನಾದಿನಿಯ ಮನೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನಾಯಿ ಇರುವ ಮನೆ ಎನ್ನುವ ವಾಸನೆಯೇ ಇಲ್ಲ. ಗೋಡೆಯ ತುಂಬ ದೊರೆಯ ಫೋಟೋಗಳು, ಚೌಕಟ್ಟು ಹಾಕಿಸಿದ್ದಳು. ನಡುವೆ ದೊರೆ ಕೂತಿದ್ದ, ಮುಂಗಾಲು ಜೋಡಿಸಿಕೊಂಡೇ. ನನ್ನನ್ನು ಕಂಡು ಬಾಲ ಅಲ್ಲಾಡಿಸಲಿಲ್ಲ, ನನ್ನ ಕೈಯನ್ನು ನೋಡಿದ.

"ಇವನಿಗೆ ಊಟ ಹಾಕ್ತಿದೀಯೇನೇ?"

"ಹಾಕ್ದೆ ಇರ್ತೀನಾ ಅತ್ತಿಗೆ? ಫೋಟೋ ಆದ್ಮೇಲೆ ಹಾಕ್ತೀನಿ. ನೀವೇ ಹೇಳಿದ್ರಲ್ಲ."

"ಫೋಟೋ ಎಷ್ಟು ಹೊತ್ತಿಗೆ?"

"ಬೆಳಕು ನೋಡ್ಕೊಂಡು. ಬೆಳಿಗ್ಗೆ ಸರಿಹೋಗ್ಲಿಲ್ಲ ಅಂದ್ರೆ ಆಫೀಸಿಂದ ಬಂದು ತೆಗೀತೀನಿ. ಮೋಡ ಇದ್ರೆ ಮಾರನೇ ದಿನ." ನನ್ನ ಮುಖ ನೋಡಿ ಬೇಗಬೇಗನೆ ಸೇರಿಸಿದಳು, "ಒಂದು ಹೊತ್ತು ತಪ್ಪಿದ್ರೆ ಏನಾಗತ್ತೆ? ನಾನೂ ಡಯಟ್ ಮಾಡ್ತೀನಲ್ಲ!"

ನನ್ನ ಅಂಗೈ ತುರಿಸಿತು. ಬಾಯಿಗೆ ಬಂದಂತೆ ಬೈದೆ. ಥೂ, ನೀನೂ ಒಂದು ಹೆಣ್ಣಾ, ನಾಲ್ಕು ಜನ ಮೆಚ್ಚಲಿ ಅಂತ ಮೂಕ ಪ್ರಾಣಿಯ ಹೊಟ್ಟೆ ಒಣಗಿಸ್ತೀಯಲ್ಲ, ನಿನ್ನ ಗೋಡೆಗಿಷ್ಟು ಬೆಂಕಿ ಬೀಳ ಎಂದೆ. ಅವಳು ಅತ್ತಳು. ಅತ್ತು ಮೂಗು ಒರೆಸಿಕೊಂಡು ಹೇಳಿದಳು.

"ನಿಮ್ಮ ಶೆಡ್ಡಲ್ಲಿ ನೀವೂ ಅದನ್ನೇ ತಾನೇ ಮಾಡೋದು?"

"ನಾವು ಹತ್ತು ನಿಮಿಷ ಕೂರಿಸ್ತೀವಿ. ಹತ್ತೇ ನಿಮಿಷ."

"ಹತ್ತೇ ನಿಮಿಷ ಅಂತ ಆ ನಾಯಿಗೆ ಹೇಳ್ತೀರಾ ಅತ್ತಿಗೆ? ನನಗೂ ಹೇಳ್ಲಿಲ್ಲ."

ಅವಳ ಮೇಲೆ ಉಗುಳಲು ಬಾಯಲ್ಲಿ ತುಂಬಿಕೊಂಡದ್ದನ್ನೆಲ್ಲ ನಾನೇ ನುಂಗಬೇಕಾಯಿತು.

ಅಡುಗೆಮನೆಗೆ ಹೋದೆ. ತಿಂಡಿ ಚೀಲ ಮೇಲಿನ ಗೂಡಿನಲ್ಲಿತ್ತು, ಮುಕ್ಕಾಲು ಪಾಲು ಹಾಗೇ ಇತ್ತು. ಬಟ್ಟಲು ತುಂಬ ಸುರಿದು, ಬಿಸಿನೀರು ಹಾಕಿ ಮೆತ್ತಗೆ ಮಾಡಿ, ದೊರೆಯ ಮೂಗಿನ ಕೆಳಗೆ ಇಟ್ಟೆ. "ತಿನ್ನೋ ರಾಜ, ತಿನ್ನು" ಎಂದೆ. ಅವನ ಬಾಯಿಂದ ಜೊಲ್ಲು ದಾರದ ಹಾಗೆ ಇಳಿದು ನೆಲ ಮುಟ್ಟಿತು. ಬಟ್ಟಲನ್ನು ಅವನು ಮುಟ್ಟಲಿಲ್ಲ. ತಲೆಯೆತ್ತಿ, ಕತ್ತನ್ನು ಸ್ವಲ್ಪ ವಾಲಿಸಿ, ಕಣ್ಣು ದೊಡ್ಡದು ಮಾಡಿ ನನ್ನನ್ನೇ ನೋಡಿದ.

ನಾನು ನೆಲದ ಮೇಲೆ ಕೂತೆ. ಒಂದು ತುತ್ತನ್ನು ಅಂಗೈಯಲ್ಲಿಟ್ಟು ಬಾಯಿಗೇ ಹಿಡಿದೆ. ಹಲ್ಲು ಬಿಗಿಹಿಡಿದು ಮುಖ ಪಕ್ಕಕ್ಕೆ ತಿರುಗಿಸಿದ, ಮತ್ತೆ ನನ್ನನ್ನು ನೋಡಿದ. ಅವನ ಕಾಲುಗಳು ನಡುಗುತ್ತಿದ್ದವು.

"ಹಂಗೆ ತಿನ್ನಲ್ಲ ಅತ್ತಿಗೆ," ಎಂದಳು ನಾದಿನಿ ಬಾಗಿಲಲ್ಲಿ ನಿಂತು. ದನಿಯಲ್ಲಿ ಅಳು ಇನ್ನೂ ಇತ್ತು, ಆದರೂ ಸ್ವಲ್ಪ ಹೆಮ್ಮೆಯೂ ಇತ್ತು. "ಟಕ್ ಅನ್ನೋವರೆಗೂ ಬಟ್ಟಲು ಮುಟ್ಟಲ್ಲ. ನಾನೇನ್ ಕಲಿಸಿದ್ದಲ್ಲ, ತಾನಾಗೇ ಕಲ್ತಿದ್ದಾನೆ."

"ಹಾಗಾದ್ರೆ ಒತ್ತು!"

ಓಡಿಹೋಗಿ ಕ್ಯಾಮೆರಾ ತಂದಳು. ಮಂಡಿಯೂರಿದಳು. ಕಣ್ಣಿಗೆ ಹಿಡಿದಳು, ಇಳಿಸಿದಳು. ಕಿಟಕಿಯ ಕಡೆ ನೋಡಿದಳು. "ತಡೀರಿ ಅತ್ತಿಗೆ, ಪರದೆ ಸರಿಸ್ತೀನಿ, ಇಲ್ಲಿ ತುಂಬಾ ಕತ್ತಲೆ ಬರ್ತಿದೆ."

ಅವಳ ಕೈಯಿಂದ ಕ್ಯಾಮೆರಾವನ್ನು ಕಿತ್ತುಕೊಂಡು ಎಲ್ಲಿಗೆಂದು ನೋಡದೆ ಗುಂಡಿ ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ, ಆ ದರಿದ್ರದ ಅಗ್ಗದ ಯಂತ್ರಕ್ಕೆ ಅಷ್ಟು ಹೊತ್ತು ಬೇಕು. ದೊರೆ ನನ್ನನ್ನೇ ನೋಡುತ್ತಿದ್ದ. ಆಮೇಲೆ ಟಕ್ ಎಂದಿತು. ಅವನು ತಲೆ ತಗ್ಗಿಸಿ ಬಟ್ಟಲಿಗೆ ಬಾಯಿಟ್ಟ. ಉಸಿರು ತೆಗೆದುಕೊಳ್ಳದೆ ತಿಂದ, ಬಟ್ಟಲು ನೆಲವನ್ನು ಉಜ್ಜಿಕೊಂಡು ಗೋಡೆಯವರೆಗೆ ಹೋಯಿತು.

ನಾದಿನಿ ಬಗ್ಗಿ ಕ್ಯಾಮೆರಾದ ಪರದೆ ನೋಡಿದಳು. "ಬರೀ ನೆಲ ಬಂದಿದೆ," ಎಂದಳು.

ನಾನು ದೊರೆಯ ಕತ್ತಿಗೆ ಹಗ್ಗ ಹಾಕಿದೆ. ಅವನನ್ನು ಶೆಡ್ಡಿಗಲ್ಲ, ನನ್ನ ಮನೆಗೇ ಕರೆದುಕೊಂಡು ಹೋಗುತ್ತೇನೆ, ನಿನ್ನ ಅಣ್ಣನಿಗೆ ಏನು ಬೇಕಾದರೂ ಹೇಳಿಕೋ ಎಂದೆ. ಅವಳು ಬೇಡವೆನ್ನಲಿಲ್ಲ. ಕ್ಯಾಮೆರಾ ವಾಪಸ್ ಕೊಡಲಿ ಎಂದು ಕೈಚಾಚಿ ನಿಂತಿದ್ದಳು. ಕೊಡಲಿಲ್ಲ, ಸೀರೆಯ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾಳೆ ಬೆಳಿಗ್ಗೆ ಅವನಿಗೆ ನಾನು ಊಟ ಹಾಕಬೇಕಲ್ಲ.