ಇಪ್ಪತ್ತೆರಡೋ, ಹದಿನೇಳೋ

ಬಂದೂಕಿನ ಎಣ್ಣೆಯ ವಾಸನೆ, ಅದರ ಜೊತೆ ಅಂಗಡಿಯ ಡ್ವೇನ್ ಬೆಳಗ್ಗೆಯಿಂದ ಕಾಯಿಸಿ ಕಾಯಿಸಿ ಕಹಿ ಮಾಡಿಟ್ಟ ಕಾಫಿಯದು, ಕಿಟಕಿಯ ಬಿಸಿಲಲ್ಲಿ ಧೂಳು ತೇಲುತ್ತಿದೆ, ಅವಸರವೇ ಇಲ್ಲ ಅದಕ್ಕೆ, ಹೊರಗೆ ಮೊಂಟಾನಾದ ಗಾಳಿ ಬೋರ್ಡುಗಳನ್ನೆಲ್ಲ ಅಲ್ಲಾಡಿಸುತ್ತಿದ್ದರೆ ಇಲ್ಲಿ ಎಲ್ಲವೂ ನೀರೊಳಗಿನ ಹಾಗೆ — ಬರ್ನೀಸ್ ಗಲ್ಲಾದ ಮೇಲೆ ನಿಲ್ಲಿಸಿಟ್ಟ ಎರಡು ತೋಟೆಗಳನ್ನು ನೋಡುತ್ತ ನಿಂತಿದ್ದಾಳೆ, ಒಂದು ಮೊಂಡು ಮೂಗಿನ ಇಪ್ಪತ್ತೆರಡು ನಂಬರಿನದು, ಇನ್ನೊಂದು ಅದಕ್ಕಿಂತ ಸಣ್ಣ ಹದಿನೇಳು, ಅದರ ತುದಿ ಎಷ್ಟು ಸಣ್ಣ ಅಂದರೆ ಓಲೆಗೆ ಪೋಣಿಸಬಹುದು, ಇಷ್ಟೇ ಇಷ್ಟು ಇದ್ದುಕೊಂಡು ಏನು ಬಿಂಕ ನೋಡು — ಹದಿನೇಳೇ ತಗೊಂಡು ಬಾ ಬರ್ನಿ, ಆ ಕಡೆ ಬೇಲಿವರೆಗೂ ಗೆರೆ ಎಳೆದ ಹಾಗೆ ಹೋಗುತ್ತೆ, ಅಂತ ಲೈಲ್ ಹೇಳಿದ್ದು, ಗಂಡ, ಹೇಳುವಾಗ ಅವಳ ಮುಖ ಬಿಟ್ಟು ಕಿವಿಯ ಪಕ್ಕ ನೋಡುತ್ತಿದ್ದ, ಈಗೀಗ ಯಾರನ್ನು ನೋಡಿದರೂ ಹಾಗೇ, ನೋಟದ ನಟ್ಟನಡುವೆ ಮಸುಕು ಕೂತಿದೆ, ಅದು ಹೋಗಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿದ್ದನ್ನು ಇವನು ಮನೆಗೆ ಬಂದು ಕನ್ನಡಕ ಬದಲಾಯಿಸಬೇಕಂತೆ ಅಂದ, ಅವಳೂ ಓಹೋ ಅಂದಳು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇಬ್ಬರೂ. ಯಾರಿಗೆ ಯಾರು ಹೇಳಬೇಕು. ಹಳೇ ಬಂದೂಕು ಕೆಟ್ಟಾಗ ದೇವರೇ ದೊಡ್ಡವನು, ಇಲ್ಲಿಗೆ ಮುಗೀತು ಅಂದುಕೊಂಡಳು, ಮಾರನೇ ದಿನವೇ ಇವನು ಹೊಸದರ ಮಾತೆತ್ತಿದ.

ಹೊಲ ಬಿಡುವ ಹಾಗೂ ಇಲ್ಲವಲ್ಲ, ಗೋಫರುಗಳು, ಬಿಲ ತೋಡುವ ನೆಲದ ಅಳಿಲುಗಳು, ದನದ ಮೇವಿನ ಕುದುರೆಮಸಾಲೆ ಸೊಪ್ಪನ್ನು ಬೇರು ಸಮೇತ ತಿಂದು ನೆಲವನ್ನೆಲ್ಲ ಜರಡಿ ಮಾಡಿಟ್ಟಿವೆ, ದನದ ಕಾಲು ಬಿಲಕ್ಕೆ ಸಿಕ್ಕರೆ ಮುಗೀತು, ಬಿಲದ ಬಾಯಲ್ಲಿ ಎದ್ದು ನಿಂತು ಕೈ ಕಟ್ಟಿಕೊಂಡು ಯಜಮಾನರ ಹಾಗೆ ನೋಡುತ್ತವೆ ಕಳ್ಳ ಅಳಿಲುಗಳು — ನಿಂತದ್ದೆಲ್ಲ ಗೋಫರ್ ಅಲ್ಲ ಲೈಲ್, ಅನ್ನಬೇಕಿತ್ತು, ಆವತ್ತು ಅವನು ಹೊಡೆದು, ಬಿತ್ತು ನೋಡೇ, ದಪ್ಪನೆಯದು, ಅಂತ ನಕ್ಕಾಗ, ಎಷ್ಟು ದಿನದ ಮೇಲೆ ನಕ್ಕಿದ್ದ, ಅವಳು ಹೊಲ ದಾಟಿ ಹೋಗಿ ನೋಡಿದರೆ ಮಣ್ಣಿನ ದಿಬ್ಬದ ಮೇಲೆ ಗೂಬೆ, ಗೋಫರ್ ಬಿಟ್ಟುಹೋದ ಬಿಲದಲ್ಲೇ ಸಂಸಾರ ಹೂಡುವ ಪುಟ್ಟ ಗೂಬೆ, ಹಗಲೆಲ್ಲ ಬಾಗಿಲಲ್ಲಿ ಕಾವಲು ನಿಲ್ಲುವುದು, ಉದ್ದ ಕಾಲು ಒಂದರ ಮೇಲೊಂದು ಬಿದ್ದು, ಒಂದು ಕಣ್ಣು ತೆರೆದೇ, ಹಳದಿ — ಒಳಗೆ ಮರಿಗಳು ಬುಸ್ ಅನ್ನುತ್ತಿದ್ದವು, ಹಾವಿನ ಹಾಗೆ, ಹೆದರಿಸುವುದಕ್ಕೆ, ಪಾಪ. ಪಕ್ಕದಲ್ಲಿ ಬೂಟಿನಿಂದಲೇ ಗುಂಡಿ ತೋಡಿ, ಬಗ್ಗಿ ಕೂತು ಕೈಯಿಂದ ಮಣ್ಣು ಎಳೆದಳು, ತಿರುಗಿ ಬಂದು ಹೌದು, ದಪ್ಪಗಿತ್ತು ಅಂದಳು. ಸುಳ್ಳು ಹೇಳಿದ್ದಕ್ಕಲ್ಲ, ಅವನು ಅಷ್ಟು ಸುಲಭಕ್ಕೆ ನಂಬಿದನಲ್ಲ ಅಂತ ನೋವಾಯಿತು.

ಹದಿನೇಳು ಹಗುರ, ಗಾಳಿ ಬಂದರೆ ಪಕ್ಕಕ್ಕೆ ಎಳೆಯುತ್ತೆ, ಆದರೆ ನೆಲಕ್ಕೆ ತಾಗಿದರೆ ಅಲ್ಲೇ ಪುಡಿಪುಡಿ, ಇಪ್ಪತ್ತೆರಡು ಹಾಗಲ್ಲ, ಕಲ್ಲಿಗೆ ಬಡಿದರೆ ಎಲ್ಲಿಗೆ ಹಾರುತ್ತೋ ಹೇಳಕ್ಕಾಗಲ್ಲ, ಆದರೆ ಅಗ್ಗ, ಮೆತ್ತಗೆ, ಗುರಿ ಆಟಕ್ಕೆ ಅದೇ ಸೈ, ಅಂತ ಡ್ವೇನ್ ಹೇಳುತ್ತಿದ್ದಾನೆ, ಸ್ಕೂಲಲ್ಲಿ ಅವಳ ಹಿಂದಿನ ಬೆಂಚಲ್ಲಿ ಕೂತು ಜಡೆ ಎಳೆಯುತ್ತಿದ್ದವನು ಈಗ ಬಂದೂಕಿನಂಗಡಿಯ ಸಾಹುಕಾರ — ಇಪ್ಪತ್ತೆರಡಾದರೆ ಎತ್ತಲೋ ಹಾರುತ್ತೆ, ಬೇಲಿಯಾಚೆ ಸ್ಕೂಲ್ ಬಸ್ಸು ನಿಲ್ಲುವ ಜಾಗ, ಹದಿನೇಳಾದರೆ ಲೈಲ್‌ಗೆ ಕಾಣದಷ್ಟು ದೂರ ಹೋಗುತ್ತೆ, ಯಾವುದು ಒಯ್ದರೂ ಕೊಡುವುದು ಅದೇ ಕೈಗೆ. ಗುರಿ ಆಟ ಅಂದನಲ್ಲ, ಮದುವೆಗೆ ಮುಂಚೆ ಚರ್ಚಿನ ನೆಲಮಾಳಿಗೆಯಲ್ಲಿ ಹುಡುಗರಿಗೆ ಗುರಿ ಕಲಿಸುತ್ತಿದ್ದ ಗುರುವಾರ ಸಂಜೆ, ಚಾಪೆಯ ಮೇಲೆ ಬೋರಲಾಗಿ ಮಲಗಿ ಪಕ್ಕದ ಹುಡುಗನ ಉಸಿರಿಗೆ ತನ್ನ ಉಸಿರು ಸೇರಿಕೊಂಡು ಎರಡು ಬಂದೂಕೂ ಒಟ್ಟಿಗೇ ಚಟ್ ಅಂದದ್ದು, ಅವನ ಕಾಗದದಲ್ಲಿ ತೂತುಗಳು ಅಲ್ಲೊಂದು ಇಲ್ಲೊಂದು, ಅವಳದರಲ್ಲಿ ಎಲ್ಲ ಸೇರಿ ಒಂದೇ ತೂತು, ಅಬ್ಬಾ, ಈ ಕೈಗೆ ಸಿಕ್ಕಿಬಿದ್ದರೆ ನನ್ನ ಗತಿ ಏನಮ್ಮ ಅಂದಿದ್ದ ಲೈಲ್, ಸಿಕ್ಕಿಯೂ ಬಿದ್ದ, ಆಮೇಲೆ ಹೊಲ, ಕರು, ಅಡಿಗೆ, ಬಂದೂಕು ಅವನದಾಯಿತು, ಹಾಗೇ, ಯಾರೂ ಹೇಳದೆ. ಡ್ವೇನ್ ಏನು ಮಾಡುತ್ತಿದ್ದಾನೆ, ಗೋಡೆಯಿಂದ ಬಂದೂಕು ಇಳಿಸಿ ಅವಳ ಮೊಣಕೈ ಮಡಿಸಿ ಮಡಿಕೆಗೆ ಅದರ ಹಿಡಿಯ ಬುಡ ಒತ್ತಿದ, ಬೆರಳು ಚಾಚು ಅಂದ, ಬೆರಳು ಟ್ರಿಗರಿಗೆ ಮುಟ್ಟಲಿಲ್ಲ, ಅವನು ಸೀಸದಕಡ್ಡಿಯಿಂದ ಹಿಡಿಯ ಮರದ ಮೇಲೆ, ಕೊಯ್ಯಬೇಕಾದ ಕಡೆ, ಗೆರೆ ಎಳೆದ, ಹೀಗೆ ಅಳತೆ ತೆಗೆಯುವುದು ಯಾರು ಹೊಡೆಯುತ್ತಾರೋ ಅವರದು — ಇದು ಲೈಲ್‌ಗೆ ಡ್ವೇನ್, ಅವನ ಕೈ ಉದ್ದ, ಅಂದಳು. ಲೈಲ್ ಬೆಳಗ್ಗೆ ಫೋನ್ ಮಾಡಿದ್ದ ಕಣೆ, ಅಂದ ಡ್ವೇನ್ ತಲೆ ಎತ್ತದೆ, ನಾನು ಹದಿನೇಳು ಅಂದಿದ್ದೇನೆ, ಆದರೂ ಗುಂಡು ಯಾವುದೋ ಅವಳೇ ಆರಿಸಲಿ, ಹಿಡಿ ಮಾತ್ರ ಅವಳ ಕೈಯಳತೆಗೆ ಕೊಯ್ದುಕೊಡು ಅಂದ, ಆವತ್ತು ಬಿದ್ದದ್ದು ಗೋಫರೇ ಆಗಿದ್ದರೆ ಬರ್ನಿ ಹೊಲದಲ್ಲಿ ಅಷ್ಟು ಹೊತ್ತು ಬಗ್ಗಿ ಕೂರುತ್ತಿರಲಿಲ್ಲ ಅಂದ.

ಲೈಲ್‌ಗೆ ಗೊತ್ತಿತ್ತು, ಗೊತ್ತಿದ್ದೂ ದಪ್ಪಗಿತ್ತು ಅಂದಾಗ ತಲೆಯಾಡಿಸಿದನಲ್ಲ ಈ ಮನುಷ್ಯ, ಹೇಳಲಾರದೆ ಅಂಗಡಿಗೆ ಕಳಿಸಿದನಲ್ಲ, ಅಳು ಬರುತ್ತಿದೆ, ಡ್ವೇನ್‌ನ ಎದುರಿಗೆ ಅತ್ತರೆ ಊರಿಗೆಲ್ಲ ಸುದ್ದಿ — ಯಾವುದು ಕೊಡಲಿ, ಇಪ್ಪತ್ತೆರಡೋ ಹದಿನೇಳೋ, ಅಂತ ಅವನು ಕೇಳಿದ. ತನ್ನ ಕಣ್ಣಾದರೆ ದೂರ ಭಯವಿಲ್ಲ, ದುರ್ಬೀನಿನಲ್ಲಿ ಮುಖ ಕಾಣುವವರೆಗೂ ಕಾಯಬಹುದು, ಗುಂಡು ಕಲ್ಲಿಗೆ ಬಡಿದು ಎತ್ತಲೋ ಹಾರುವುದೂ ಇಲ್ಲ, ಗಾಳಿ ಎಷ್ಟು ಎಳೆಯುತ್ತೆ ಅಂತ ಪಕ್ಕದಲ್ಲಿ ಕೂತು ಲೈಲ್ ಹೇಳಬಹುದು, ಹುಲ್ಲಿನ ಸದ್ದಲ್ಲೇ ಗಾಳಿ ಅಳೆಯುವವನು, ಅದಕ್ಕೆ ಕಣ್ಣು ಬೇಡ. ಹದಿನೇಳು ಅಂದಳು, ಅಂದವಳು ಮನಸ್ಸಿನಲ್ಲಿ ಆಗಲೇ ಹೊಲದಲ್ಲಿ ಮಲಗಿದ್ದಾಳೆ, ಪಕ್ಕದಲ್ಲಿ ಅವನ ಉಸಿರು, ಈಗ ಗಾಳಿ ಬಿದ್ದಿದೆ ಬರ್ನಿ ಅನ್ನುತ್ತಾನೆ, ದಿಬ್ಬದ ಮೇಲೆ ಏನೋ ಎದ್ದು ನಿಂತಿದೆ, ಬೆನ್ನು ಇತ್ತ, ಕಂದು ಬಣ್ಣ, ತಿರುಗು, ಮುಖ ತೋರಿಸು, ಬೆರಳು ಟ್ರಿಗರಿನಿಂದ ಆಚೆಗೇ ಇದೆ, ತಿರುಗು ಮಗಾ — ತಿರುಗುತ್ತದೆ, ಹಳದಿ ಕಣ್ಣು, ಗೂಬೆ, ಹೊಡೆಯಲ್ಲ, ಅವಳನ್ನೇ ನೋಡುತ್ತ, ಹಳದಿ